ವ್ಯತ್ಯಾಸ ಸೊನ್ನೆ

ಹಿರೋಸೆ-ಸಾನ್ ಯಾವತ್ತೂ ‘ಇಲ್ಲ’ ಎನ್ನುವುದಿಲ್ಲ. ಹಲ್ಲುಗಳ ಸಂದಿನಿಂದ ಗಾಳಿ ಎಳೆದುಕೊಳ್ಳುತ್ತಾರೆ, ಬಿಸಿ ಕಾಫಿಯನ್ನು ತಟ್ಟೆಗೆ ಬಗ್ಗಿಸಿಕೊಂಡು ಹೀರಿದ ಹಾಗೆ. ಸದ್ದು ಗಿಡ್ಡವಾಗಿದ್ದರೆ ಕಷ್ಟ ಎಂದರ್ಥ. ಉದ್ದವಾಗಿದ್ದರೆ ಅಸಾಧ್ಯ. ಉದ್ದವಾಗಿ ಎಳೆದು ತಲೆಯನ್ನೂ ಬಲಕ್ಕೆ ವಾಲಿಸಿದರೆ, ನೀವು ಈ ಮಾತನ್ನು ಆಡಲೇ ಇಲ್ಲವೆಂದು ನಾನು ತಿಳಿದುಕೊಳ್ಳುತ್ತೇನೆ ಎಂದರ್ಥ. ಜಪಾನಿನ ಶಿನಾಗಾವಾದ ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ನಾನು ಈ ಮೂರನ್ನೂ ಮಾಡಿ ತೋರಿಸುತ್ತಿದ್ದೆ. ಮೂರನೆಯದಕ್ಕೆ ನಮ್ಮ ತಂಡದ ಕಾತ್ಯಾಯಿನಿ ಟೀ ಲೋಟವನ್ನು ಕೆಳಗಿಟ್ಟು ನಗುತ್ತಿದ್ದಳು, ಚೆಲ್ಲೀತೆಂದು.

ಹಿರೋಸೆ-ಸಾನ್ ನಮ್ಮ ಗಿರಾಕಿ ಕಂಪನಿಯ ಮ್ಯಾನೇಜರು. ಅವರ ಕಂಪನಿ ನಗರಸಭೆಗಳಿಗೆ ಒಂದು ತಂತ್ರಾಂಶ ಮಾರುತ್ತದೆ. ಇಲ್ಲಿ ಮಗುವನ್ನು ಶಿಶುವಿಹಾರಕ್ಕೆ ಸೇರಿಸಲು ಶಿಶುವಿಹಾರದ ಬಾಗಿಲಿಗೆ ಹೋಗಿ ಪ್ರಯೋಜನವಿಲ್ಲ. ನಗರಸಭೆಗೆ ಅರ್ಜಿ ಹಾಕಬೇಕು. ಅಪ್ಪ ಅಮ್ಮ ದುಡಿಯುವ ಗಂಟೆ, ಕಾಯಿಲೆ, ತೆರಿಗೆ, ಎಲ್ಲಕ್ಕೂ ಅಂಕವಿದೆ. ಅಂಕದ ಪ್ರಕಾರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮುಂದಿನವರಿಂದ ಹಿಡಿದು ಸೀಟು ಹಂಚಿಕೊಂಡು ಹೋಗುವ ಕೆಲಸ ಆ ತಂತ್ರಾಂಶದ್ದು. ಅದನ್ನು ಬರೆದ ಭಾಷೆಗೆ ವಯಸ್ಸಾಗಿತ್ತು. ಹಳೆಯ ಆವೃತ್ತಿಗೆ ಇನ್ನು ಮದ್ದು ಕೊಡುವುದಿಲ್ಲವೆಂದು ಭಾಷೆಯನ್ನು ಮಾಡಿದವರೇ ಕೈ ತೊಳೆದುಕೊಂಡಿದ್ದರು. ಇಡೀ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸುವುದು ನಮ್ಮ ಕೆಲಸ. ಅಪ್‌ಗ್ರೇಡ್ ಎನ್ನುತ್ತಾರೆ. ಆ ವರ್ಷ ನಮ್ಮ ತಂಡದಲ್ಲಿ ಗ್ರೇಡು ಅಪ್ ಆದದ್ದು ಅದೊಂದಕ್ಕೇ.

ಇಂಥ ಕೆಲಸಕ್ಕೆ ಇಲ್ಲೊಂದು ಪದ್ಧತಿ ಇದೆ. ಕಳೆದ ವರ್ಷದ ಅರ್ಜಿಗಳನ್ನೆಲ್ಲ ಹಳೆಯ ಆವೃತ್ತಿಯಲ್ಲೊಮ್ಮೆ, ಹೊಸದರಲ್ಲೊಮ್ಮೆ ಓಡಿಸಬೇಕು. ಬಂದ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಕು. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಪರದೆಯ ಚಿತ್ರ ತೆಗೆದು, ಕೆಂಪು ಚೌಕ ಎಳೆದು, ಎಕ್ಸೆಲ್‌ನಲ್ಲಿ ಅಂಟಿಸಿ, ಕಾರಣ ಬರೆಯಬೇಕು. ಕೊನೆಗೆ ವ್ಯತ್ಯಾಸ ಸೊನ್ನೆಗೆ ಇಳಿಯಬೇಕು. ಹಳೆಯದೇ ತಪ್ಪಾಗಿದ್ದರೆ ಏನು ಮಾಡುವುದೆಂದು ನಾನು ಮೊದಲ ವಾರ ಕೇಳಿದ್ದೆ.

ನಮ್ಮ ಲೀಡ್ ಉಮಾಶಂಕರ್, “ಅದೇ ತಪ್ಪು ಹೊಸದ್ರಲ್ಲೂ ಬರ್ಬೇಕು ಕಣಪ್ಪ. ಇದು ಅಪ್‌ಗ್ರೇಡು, ಇಂಪ್ರೂವ್‌ಮೆಂಟ್ ಅಲ್ಲ,” ಎಂದ. ಜಪಾನಿನಲ್ಲಿ ಹನ್ನೆರಡು ವರ್ಷ ಇದ್ದು, ಕನ್ನಡದಲ್ಲಿ ಫೋನ್ ಮಾಡುವಾಗಲೂ ಗೋಡೆಗೆ ಬಗ್ಗಿ ನಮಸ್ಕರಿಸುವ ಮನುಷ್ಯ ಅವನು.

ಮೊದಲ ಸಲ ಹೋಲಿಸಿದಾಗ ಎಲ್ಲವೂ ಬೇರೆ ಬೇರೆ ಎಂದು ಬಂತು. ಒಂದೇ ಒಂದು ಅರ್ಜಿಯೂ ಹೊಂದಲಿಲ್ಲ. ಪರದೆಯ ಮೇಲಿಂದ ಕೆಳಗಿನತನಕ ಕೆಂಪು, ಹಬ್ಬದ ದಿನ ಕುಂಕುಮ ಚೆಲ್ಲಿದ ಅಂಗಳದ ಹಾಗೆ. ಕಣ್ಣಿಗೆ ಮಾತ್ರ ಎರಡು ಪಟ್ಟಿಗಳೂ ಒಂದೇ. ಉಮಾಶಂಕರ್ ಎರಡೂ ಕೈಯನ್ನು ತಲೆಯ ಮೇಲೆ ಹೊತ್ತುಕೊಂಡ.

ದೋಷ ನನ್ನದೇ ಎಂದು ಕಾತ್ಯಾಯಿನಿ ಅರ್ಧ ಗಂಟೆಯೊಳಗೆ ಹಿಡಿದಳು. ಆ ಭಾಷೆಯಲ್ಲಿ ಎರಡು ಸಮಗೆರೆ, ಅಂದರೆ ‘==’, ಹಾಕಿದರೆ ಒಂದು ಅರ್ಥ, ಮೂರು ಹಾಕಿದರೆ ಇನ್ನೊಂದು. ಹೊಸ ಆವೃತ್ತಿಗೆ ಬಂದಮೇಲೆ ಕಟ್ಟುನಿಟ್ಟಾಗಿರಲೆಂದು ಹೋಲಿಕೆಯ ಜಾಗದಲ್ಲೆಲ್ಲ ನಾನು ಮೂರು ಗೆರೆ ಎಳೆದಿದ್ದೆ. ಅವಳು ಪ್ಯಾಂಟ್ರಿಯಲ್ಲಿ ತನ್ನ ಊಟದ ಡಬ್ಬಿಯನ್ನೂ ನನ್ನದನ್ನೂ ಅಕ್ಕಪಕ್ಕ ಇಟ್ಟು ಪಾಠ ಮಾಡಿದಳು. ಒಂದೊಂದು ಅರ್ಜಿಯೂ ಒಂದೊಂದು ಡಬ್ಬಿ. ಒಳಗೆ ಹುಟ್ಟಿದ ದಿನ, ಅಂಕ, ಬೇಕಾದ ಶಿಶುವಿಹಾರ. ಎರಡು ಗೆರೆ ಮುಚ್ಚಳ ತೆಗೆದು ನೋಡುತ್ತದೆ: ಇಲ್ಲೂ ಚಟ್ನಿಪುಡಿ, ಅಲ್ಲೂ ಚಟ್ನಿಪುಡಿ, ಆದ್ದರಿಂದ ಒಂದೇ. ಮೂರು ಗೆರೆ ಮುಚ್ಚಳ ಮುಟ್ಟುವುದೇ ಇಲ್ಲ. ಇದೇ ಡಬ್ಬಿಯೇ ಅದು, ಅಂತ ಮಾತ್ರ ಕೇಳುತ್ತದೆ.

“ನಿಮ್ಮಮ್ಮನ ಡಬ್ಬಿ ನಮ್ಮಮ್ಮನ ಡಬ್ಬಿ ಹೆಂಗೋ ಒಂದೇ ಆಗತ್ತೆ?” ಎಂದಳು. ನನ್ನ ಹೆಸರು ಹರಿಹರ. ಹರಿಯೂ ಹರನೂ ಒಂದೇ ಎಂದು ನಂಬಿ ಇಟ್ಟ ಹೆಸರು. ಮೂರು ಗೆರೆ ಎಳೆದ ಮೇಲೆ ಹರ ಮಾತ್ರ ಉಳಿಯುತ್ತಾನೆ, ಹರಿ ಎದ್ದು ಹೋಗುತ್ತಾನೆ ಎಂದೆ. ಅವಳು ನಕ್ಕಳು. ಆ ಪ್ರಾಜೆಕ್ಟಿನಲ್ಲಿ ಅವಳು ಹಾಗೆ ನಕ್ಕದ್ದು ಅದೇ ಕೊನೆ ಎಂದು ಈಗ ಅನ್ನಿಸುತ್ತದೆ.

ಮೂರನೆಯ ಗೆರೆ ಅಳಿಸಿದೆವು. ಕೆಂಪೆಲ್ಲ ಬಿಳುಪಾಯಿತು, ಕೆಲವೇ ಸಾಲುಗಳನ್ನು ಬಿಟ್ಟು. ಉಳಿದವು ಜೋಡಿ ಜೋಡಿ. ಪ್ರತಿ ಜೋಡಿಯಲ್ಲೂ ಎರಡು ಮಕ್ಕಳು ಜಾಗ ಬದಲಾಯಿಸಿಕೊಂಡಿದ್ದವು: ಹಳೆಯದರಲ್ಲಿ ಸೀಟು ಸಿಕ್ಕ ಮಗುವಿಗೆ ಹೊಸದರಲ್ಲಿ ಇಲ್ಲ, ಹಳೆಯದರಲ್ಲಿ ಇಲ್ಲದ್ದಕ್ಕೆ ಹೊಸದರಲ್ಲಿ ಇದೆ. ಮುಚ್ಚಳ ತೆಗೆದು ನೋಡಿದರೆ ಎರಡಕ್ಕೂ ಅಷ್ಟೇ ಅಂಕ, ಅದೇ ತೆರಿಗೆ ಶ್ರೇಣಿ, ಅದೇ ಶಿಶುವಿಹಾರದ ಮೇಲೆ ಆಸೆ.

ಕಾರಣವೂ ಸಿಕ್ಕಿತು. ಸಾಲು ನಿಲ್ಲಿಸುವಾಗ ಯಂತ್ರ ಇಬ್ಬಿಬ್ಬರನ್ನು ಹೋಲಿಸುತ್ತದೆ: ಇವನು ಹೆಚ್ಚೋ, ಕಡಿಮೆಯೋ, ಸಮವೋ. ಸಮ ಎಂದು ಬಂದರೆ ಯಾರು ಮುಂದೆ? ಹಳೆಯ ಆವೃತ್ತಿ ಅದರ ಬಗ್ಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ. ಪಟ್ಟಿಯನ್ನು ತುಂಡು ಮಾಡಿ, ತುಂಡನ್ನು ಮತ್ತೆ ತುಂಡು ಮಾಡಿ ಜೋಡಿಸುವಾಗ ಸಮದವರು ಹೇಗೆ ಬಿದ್ದರೋ ಹಾಗೆ. ಹೊಸದು ಮಾತ್ರ ಸಮ ಬಂದವರನ್ನು ಬಂದ ಕ್ರಮದಲ್ಲೇ ನಿಲ್ಲಿಸುತ್ತದೆ, ಮೊದಲು ಅರ್ಜಿ ಕೊಟ್ಟವರು ಮುಂದೆ. ಹಳೆಯದು ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುವ ಕ್ಯೂ, ಹೊಸದು ಇಲ್ಲಿನ ಯಮಾನೋತೆ ರೈಲಿನ ಪ್ಲಾಟ್‌ಫಾರಂ ಕ್ಯೂ ಎಂದು ನಾನು ಉಮಾಶಂಕರನಿಗೆ ಹೇಳಿದೆ. ಅದನ್ನು ಹಾಗೇ ಎಕ್ಸೆಲ್‌ನಲ್ಲಿ ಬರೆಯಬೇಡ ಎಂದ.

ಆ ಸಾಲುಗಳಿಗೆ ಕೆಂಪು ಚೌಕ ಎಳೆಯುವುದು ಕಾತ್ಯಾಯಿನಿಯ ಪಾಲಿಗೆ ಬಂತು. ನಾನು ಎದುರು ಮೇಜಿನಲ್ಲಿದ್ದೆ. ಅವಳ ಮೌಸಿನ ಸದ್ದು ನಿಂತಿದ್ದು ನನಗೆ ಗೊತ್ತಾಗಲಿಲ್ಲ. ಎಷ್ಟು ಹೊತ್ತಾಯಿತೋ. ತಲೆಯೆತ್ತಿದಾಗ ಅವಳು ಪರದೆಗೆ ಬೆರಳು ಒತ್ತಿ ಕೂತಿದ್ದಳು, ಜ್ವರ ನೋಡುವಾಗ ಹಣೆಗೆ ಒತ್ತಿದ ಹಾಗೆ.

ಮಕ್ಕಳ ನಿಜವಾದ ಹೆಸರನ್ನು ನಮಗೆ ಕೊಟ್ಟಿರಲಿಲ್ಲ. ಎಲ್ಲ ಮನೆತನದ ಹೆಸರೂ ಒಂದೇ ಸುಳ್ಳು ಹೆಸರಾಗಿ, ಎಲ್ಲ ಗಂಡು ಮಕ್ಕಳೂ ತಾರೋ, ಎಲ್ಲ ಹೆಣ್ಣು ಮಕ್ಕಳೂ ಹನಾಕೋ ಆಗಿದ್ದರು. ಮುಖವಿದ್ದ ಕಡೆಯಲ್ಲೆಲ್ಲ ಮುಖವಾಡ. ಒಂದು ಸಾಲಿನಲ್ಲಿ ಮಾತ್ರ ಮನೆತನದ ಚೌಕ ಖಾಲಿ ಇತ್ತು. ಖಾಲಿಯನ್ನು ಯಾವ ಹೆಸರಿನಿಂದ ಬದಲಿಸುವುದೆಂದು ಯಂತ್ರಕ್ಕೆ ತಿಳಿಯದೆ ಖಾಲಿಯಾಗಿಯೇ ಬಿಟ್ಟಿತ್ತು.

ಮನೆತನದ ಹೆಸರಿಲ್ಲದ ಮನುಷ್ಯ ಈ ದೇಶದಲ್ಲಿ ಸಾಮಾನ್ಯವಾಗಿ ಹುಟ್ಟುವುದಿಲ್ಲ. ನಮ್ಮಲ್ಲಿ ಹುಟ್ಟುತ್ತಾರೆ. ಪಾಸ್‌ಪೋರ್ಟು ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯುವುದು ಯಾಕೆ, ತಲೆನೋವು ಎಂದು ಸರ್‌ನೇಮ್ ಜಾಗ ಖಾಲಿ ಬಿಟ್ಟು, ಆಮೇಲೆ ಜೀವನವಿಡೀ ವಿಮಾನ ನಿಲ್ದಾಣಗಳಲ್ಲಿ ಅದಕ್ಕೆ ಉತ್ತರ ಕೊಡುವವರು ನಾವು. ಕಾತ್ಯಾಯಿನಿಯೂ ಅವಳ ಗಂಡ ಮಧುಕರನೂ ತಮ್ಮ ಮಗಳು ಯಾಮಿನಿಗೂ ಹಾಗೇ ಮಾಡಿದ್ದರು. ನಗರಸಭೆಯ ಕೌಂಟರಿನಲ್ಲಿದ್ದ ಕನ್ನಡಕದ ಹೆಂಗಸು ಆ ಖಾಲಿ ಚೌಕವನ್ನು ನೋಡಿ ಗಾಬರಿಯಾಗಿ, ಒಳಗೆ ಹೋಗಿ ಯಾರನ್ನೋ ಕೇಳಿ, ಹತ್ತು ಸಲ ಸುಮಿಮಾಸೆನ್, ಕ್ಷಮಿಸಿ, ಎಂದು ಹೇಳಿ, ಕಡೆಗೆ ಖಾಲಿಯಾಗಿಯೇ ತೆಗೆದುಕೊಂಡಿದ್ದಳಂತೆ. ಆ ಸಾಲಿನ ಹುಟ್ಟಿದ ದಿನ ಯಾಮಿನಿಯದು. ಆಯ್ಕೆ ಮಾಡಿದ ಶಿಶುವಿಹಾರ ಕಾತ್ಯಾಯಿನಿಯ ಮನೆಯಿಂದ ಕಾಲುವೆ ದಾಟಿದರೆ ಸಿಗುವ, ಗೇಟಿನ ಮೇಲೆ ಆಮೆಯ ಚಿತ್ರವಿರುವ ಶಿಶುವಿಹಾರ.

ಹಳೆಯದು: ಇಲ್ಲ. ಹೊಸದು: ಇದೆ.

ಕಳೆದ ವರ್ಷ ಆ ‘ಇಲ್ಲ’ ಬಂದಾಗ ಏನಾಯಿತೆಂದು ನನಗೆ ಗೊತ್ತಿತ್ತು. ಅವರು ಇಲ್ಲ ಎಂದೂ ಬರೆಯುವುದಿಲ್ಲ, ‘ಹೊರ್ಯೂ’ ಎಂದು ಬರೆಯುತ್ತಾರೆ, ತಡೆಹಿಡಿಯಲಾಗಿದೆ ಅಂತ. ಮಧುಕರ ಸೆಂಡಾಯ್‌ನಲ್ಲಿ ಪ್ರಯೋಗಾಲಯದವನು, ಶನಿವಾರ ಬಂದು ಭಾನುವಾರ ಹೋಗುತ್ತಾನೆ. ಅವನ ಫೆಲೋಶಿಪ್ಪು ಅವನೊಬ್ಬನ ಅನ್ನಕ್ಕೆ ಸಾಕು. ಮನೆ ನಡೆಯುವುದು ಕಾತ್ಯಾಯಿನಿಯ ಸಂಬಳದಲ್ಲಿ. ಖಾಸಗಿ ಶಿಶುವಿಹಾರಗಳಲ್ಲಿ ಕಾದು ಕೂತವರ ಪಟ್ಟಿಗೇ ಕಾಯಬೇಕಿತ್ತು. ಕೊನೆಗೆ ಒಂದು ವರ್ಷದ ಮಟ್ಟಿಗೆ ಎಂದು ಮೈಸೂರಿನಲ್ಲಿದ್ದ ಕಾತ್ಯಾಯಿನಿಯ ಅಕ್ಕ ವಿಜಯಾಳ ಮನೆಗೆ ಯಾಮಿನಿಯನ್ನು ಕಳಿಸಿದರು. ಮಾತು ಸರಿಯಾಗಿ ಬರುವ ಮೊದಲು ಹೋದ ಮಗು ಅಲ್ಲಿ ಮಾತು ಕಲಿಯಿತು. ವಿಜಯಾಳನ್ನು ಅಮ್ಮ ಎಂದು ಕರೆಯಿತು. ಕಾತ್ಯಾಯಿನಿಯನ್ನು ಫೋನಮ್ಮ ಎಂದು. ಮಾರಮ್ಮ, ಅಣ್ಣಮ್ಮ, ಪ್ಲೇಗಮ್ಮರ ಸಾಲಿನಲ್ಲಿ ಒಬ್ಬ ಹೊಸ ದೇವತೆ, ದಿನಕ್ಕೊಂದು ಸಲ ಗಾಜಿನ ಗುಡಿಯಲ್ಲಿ ದರ್ಶನ ಕೊಡುವವಳು. ನಾನು ಟ್ರೇನ್ ಮಾಮ. ಯಮಾನೋತೆ ರೈಲಿನ ಘೋಷಣೆಗಳನ್ನು ಹೆಣ್ಣು ದನಿಯಲ್ಲೂ ಗಂಡು ದನಿಯಲ್ಲೂ ಹೇಳುತ್ತಿದ್ದೆನಾದ್ದರಿಂದ. ಆ ಮಗುವಿಗೆ ಜಪಾನ್ ಎಂದರೆ ನನ್ನ ಗಂಟಲು.

ಮಧ್ಯಾಹ್ನ ಕಾತ್ಯಾಯಿನಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಎರಡು ಅನ್ನದ ಉಂಡೆ ಕೊಂಡು ನನ್ನನ್ನು ಕಾಲುವೆಯ ಪಕ್ಕದ ಬೆಂಚಿಗೆ ಕರೆದುಕೊಂಡು ಹೋದಳು. ಉಂಡೆಯ ಪ್ಲಾಸ್ಟಿಕ್ಕನ್ನು ಬಿಡಿಸಿ, ಮತ್ತೆ ಸುತ್ತಿ, ಮತ್ತೆ ಬಿಡಿಸುತ್ತ ಎಲ್ಲವನ್ನೂ ಹೇಳಿದಳು. ಇಡೀ ವರ್ಷ ಅವಳ ಹತ್ತಿರ ಕಾರಣಗಳಿದ್ದವು. ಖಾಲಿ ಚೌಕ ನೋಡಿ ಹೀಗೆ ಮಾಡಿದರು ಎಂದು ಒಂದು ತಿಂಗಳು. ಪರದೇಶದವರು ಎಂದು ಇನ್ನೊಂದು ತಿಂಗಳು. ಮಧುಕರನ ಸೆಂಡಾಯ್ ವಿಳಾಸ, ತನ್ನ ಜಪಾನಿ ಭಾಷೆ, ಅರ್ಜಿ ಕೊಡುವಾಗ ಮಗು ಅತ್ತದ್ದು.

“ಆ ಕನ್ನಡಕದ ಹೆಂಗಸನ್ನ ಒಂದು ವರ್ಷ ಬೈಕೊಂಡಿದೀನಿ ಹರಿ. ದಿನಾ. ಹಲ್ಲುಜ್ಜೋವಾಗ್ಲೂ.”

“ಅವಳೇನು ಮಾಡಿದ್ಳು?”

“ಏನೂ ಮಾಡಿಲ್ಲ. ಅದನ್ನೇ ಹೇಳ್ತಿರೋದು. ಯಾರೂ ಏನೂ ಮಾಡಿಲ್ಲ. ಯಾರೂ ನೋಡೇ ಇಲ್ಲ ಕಣೋ.”

ಕಾಲುವೆಯಲ್ಲಿ ಒಂದು ದೋಣಿ ಪ್ರವಾಸಿಗಳಿಲ್ಲದೆ ಹೋಯಿತು. ಖಾಲಿ ಆಸನಗಳಿಗೆ ಧ್ವನಿವರ್ಧಕ ಸೇತುವೆಗಳ ಇತಿಹಾಸ ಹೇಳುತ್ತಿತ್ತು. ಬೇರೆ ದಿನವಾಗಿದ್ದರೆ ನಾನು ಅದರ ದನಿ ತೆಗೆಯುತ್ತಿದ್ದೆ.

ಈ ವರ್ಷದ ಸೀಟು ಹಂಚಿಕೆ ಜನವರಿಯಲ್ಲಿ, ನಾವು ಏರಿಸಿದ ಹೊಸ ಆವೃತ್ತಿಯಲ್ಲೇ ಓಡುವುದಿತ್ತು. ಅರ್ಜಿ ನವೆಂಬರಿನಲ್ಲಿ. ಅವರ ಮನೆಯ ಅಂಕ ಬದಲಾಗಿರಲಿಲ್ಲ. ಆ ಊರಿನಲ್ಲಿ ಅಂಥ ಅಂಕದ ಮನೆಗಳು ಬಹಳ. ಅಂದರೆ ಮತ್ತೆ ಸಮದ ಗುಂಪಿನಲ್ಲೇ ನಿಲ್ಲಬೇಕು. ಹೊಸ ಆವೃತ್ತಿಯನ್ನು ಅದರ ಪಾಡಿಗೆ ಬಿಟ್ಟರೆ ಮೊದಲು ಅರ್ಜಿ ಕೊಟ್ಟವರು ಮುಂದೆ, ಮತ್ತು ಕಾತ್ಯಾಯಿನಿ ಕಳೆದ ವರ್ಷ ಮೊದಲ ದಿನ ಬಾಗಿಲು ತೆರೆಯುವ ಮುಂಚೆ ಹೋಗಿ ನಿಂತಿದ್ದವಳು. ಏಪ್ರಿಲಿಗೆ ಯಾಮಿನಿ ಆಮೆಯ ಗೇಟಿನೊಳಗೆ. ವ್ಯತ್ಯಾಸವನ್ನು ಸೊನ್ನೆ ಮಾಡಿದರೆ ಮತ್ತೆ ಅದೇ ಮೆಜೆಸ್ಟಿಕ್. ಯಾಮಿನಿಗೆ ಮೂರಾಗುವುದರಲ್ಲಿತ್ತು. ವಿಜಯಾ ಅಲ್ಲಿ ಪ್ಲೇಹೋಮ್ ಹುಡುಕತೊಡಗಿದ್ದಳು. ಒಮ್ಮೆ ಅಲ್ಲಿ ಬ್ಯಾಗು ಹೆಗಲಿಗೇರಿದರೆ ಕೂಸು ಅಲ್ಲಿಯದೇ ಎಂದು ಕಾತ್ಯಾಯಿನಿಗೆ ಗೊತ್ತಿತ್ತು.

ನಾನು ಸಲಹೆ ಕೊಟ್ಟೆ. ಮನೆತನದ ಹೆಸರು ಖಾಲಿ ಇದ್ದರೆ ಮುಂದೆ ಕೂರಿಸು ಅಂತ ಒಂದು ಸಾಲು ಬರೆದುಬಿಡೋಣ, ಯಾರಿಗೆ ಕಾಣುತ್ತದೆ, ಎಂದೆ. ತಮಾಷೆಯ ದನಿಯಲ್ಲೇ ಹೇಳಿದೆ, ಒಪ್ಪಿದರೆ ತಮಾಷೆ ಆಗಿರಬೇಕಿಲ್ಲ ಎನ್ನುವ ಹಾಗೆ.

ಅವಳು ನನ್ನ ಮುಖವನ್ನೇ ನೋಡಿದಳು. “ಆ ಇನ್ನೊಂದು ಸಾಲು ನೋಡಿದ್ಯಾ ನೀನು? ನಮ್ಮ ಜೋಡಿಯಲ್ಲಿರೋದು?”

ನೋಡಿರಲಿಲ್ಲ.

“ಅದೂ ಹನಾಕೋನೇ. ನಮ್ಮವಳಿಗಿಂತ ಆರು ದಿನ ದೊಡ್ಡವಳು. ಅವರಮ್ಮನೂ ಫುಲ್ ಟೈಮ್. ಮುಚ್ಚಳ ತೆಗೆದ್ರೆ ಎರಡೂ ಒಂದೇ.” ಅನ್ನದ ಉಂಡೆಯನ್ನು ಚೀಲಕ್ಕೆ ಹಾಕಿದಳು. “ಅವಳನ್ನ ಹಿಂದಕ್ಕೆ ತಳ್ಳು ಅಂತ ಬರೀಲಾ?”

ನಗರಸಭೆಗೆ ದೂರು ಕೊಡಬಹುದಿತ್ತು. ಆದರೆ ದೂರಿನಲ್ಲಿ ಏನೆಂದು ಬರೆಯುವುದು? ಸಮ ಬಂದಾಗ ಯಾರು ಮುಂದೆ ಎಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಇಲ್ಲದ ನಿಯಮವನ್ನು ಯಾರೂ ಮುರಿದಿರಲಿಲ್ಲ. ತನ್ನ ಮಗಳ ಸಾಲು ಸಿಕ್ಕಿತೆಂದು ಬಾಯಿಬಿಟ್ಟರೆ ಮುಖವಾಡ ಸರಿಯಾಗಿ ಕಟ್ಟಲಿಲ್ಲವೆಂಬ ದೊಡ್ಡ ಗಲಾಟೆಯೆದ್ದು, ಮೊದಲು ಹೋಗುವುದು ಅವಳ ಕೆಲಸ, ಕೆಲಸದ ಹಿಂದೆ ವೀಸಾ. ಯಾರಿಗೂ ಹೇಳಬೇಡ ಎಂದಳು. ಆದರೆ ಮೀಟಿಂಗಿನಲ್ಲಿ ಒಂದು ಮಾತು ಕೇಳಿಯೇ ಕೇಳುತ್ತೇನೆ ಎಂದಳು.

ಕೇಳಿದಳು. ಜಪಾನಿಯಲ್ಲಿ, ಅತ್ಯಂತ ಮರ್ಯಾದೆಯ ಕ್ರಿಯಾಪದಗಳನ್ನು ಒಂದರ ಮೇಲೊಂದು ಪೇರಿಸಿ, ನೆಲದಿಂದ ಸ್ವಲ್ಪ ಮೇಲೆ ತೇಲುತ್ತ. ಸಮ ಬಂದವರ ವಿಷಯದಲ್ಲಿ ಹಳೆಯ ಆವೃತ್ತಿಯ ಕ್ರಮಕ್ಕೆ ಯಾವ ಆಧಾರವೂ ಇಲ್ಲ. ಹೊಸದರ ಕ್ರಮವನ್ನು ಒಬ್ಬ ತಾಯಿಗೆ ವಿವರಿಸಬಹುದು: ನಿಮಗಿಂತ ಮೊದಲು ಇವರು ಬಂದರು ಅಂತ. ಈ ಒಂದು ವ್ಯತ್ಯಾಸವನ್ನು ಹಾಗೇ ಉಳಿಸಬಹುದೇ?

ಹಿರೋಸೆ-ಸಾನ್ ಗಾಳಿ ಎಳೆದುಕೊಂಡರು. ನಾನು ಅಷ್ಟು ದಿನ ಅನುಕರಿಸಿದ್ದೆಲ್ಲ ಅದರ ಮುಂದೆ ಬಾಲಪಾಠ. ತಲೆ ಬಲಕ್ಕೆ ವಾಲಿತು, ಆಮೇಲೆ ಎಡಕ್ಕೆ. ಅವರು ಕೆಟ್ಟವರಲ್ಲ. ನಿಧಾನವಾಗಿ, ನಮಗೆ ಅರ್ಥವಾಗುವ ಸರಳ ಪದಗಳನ್ನು ಹುಡುಕಿ ಹೇಳಿದರು. ಕಳೆದ ವರ್ಷದ ಫಲಿತಾಂಶವನ್ನು ಮನೆಮನೆಗೆ ಕಳಿಸಿ ಆಗಿದೆ. ಹೊಸ ಕ್ರಮ ಬೇರೆ ಎಂದು ಈಗ ಒಪ್ಪಿದರೆ, ಹಳೆಯ ಕ್ರಮ ಏನಾಗಿತ್ತೆಂದು ಯಾರಾದರೂ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡಲು ಯಾರೂ ಇಲ್ಲ. ಆದ್ದರಿಂದ ಪ್ರಶ್ನೆಯೂ ಇರಬಾರದು.

ನಗರಸಭೆಯನ್ನೇ ಒಮ್ಮೆ ಕೇಳಬಹುದೇ ಎಂದಳು ಕಾತ್ಯಾಯಿನಿ. ವಿಷಯವನ್ನು ಮನೆಗೆ ಒಯ್ದು ನೋಡುತ್ತೇನೆ ಎಂದರು ಅವರು. ಇಲ್ಲಿಯ ಆಫೀಸುಗಳಲ್ಲಿ ಹಾಗೆನ್ನುವುದು ವಾಡಿಕೆ. ನಮ್ಮ ಎಷ್ಟೋ ಪ್ರಶ್ನೆಗಳು ಹೀಗೆ ಅವರ ಮನೆ ಸೇರಿದ್ದವು, ಪಾಪ, ಮಲಗಲು ಜಾಗವಿತ್ತೋ ಇಲ್ಲವೋ. ಮರುವಾರ ಒಂದೇ ಸಾಲಿನ ಉತ್ತರ ಬಂತು: ಸದ್ಯದ ವ್ಯವಸ್ಥೆಯಂತೆಯೇ. ಉಮಾಶಂಕರ್ “ಹಾಯ್” ಎಂದ, ಆಗಲಿ ಸ್ವಾಮಿ ಅಂತ, “ಹಾಯ್, ಹಾಯ್” ಎಂದ, ಫೋನಿಗೆ ಬಗ್ಗಿದ.

ಹಳೆಯ ಆವೃತ್ತಿ ಪಟ್ಟಿಯನ್ನು ಹೇಗೆ ತುಂಡರಿಸುತ್ತಿತ್ತೋ ಹಾಗೇ ತುಂಡರಿಸುವ ಸಾಲುಗಳನ್ನು ಈಗ ಕೈಯಾರೆ ಬರೆಯಬೇಕಿತ್ತು. ಹೊಸ ಭಾಷೆಯಲ್ಲಿ ಹಳೆಯ ಭಾಷೆಯ ಮಿಮಿಕ್ರಿ. ಕೆಲಸದ ಹಂಚಿಕೆಯಲ್ಲಿ ಅದು ಕಾತ್ಯಾಯಿನಿಯದೇ ಭಾಗ. ಉಮಾಶಂಕರ್ ಎಕ್ಸೆಲ್ ತಿದ್ದುವಾಗ ಕೆಂಪು ಚೌಕದೊಳಗಿನ ಹುಟ್ಟಿದ ದಿನವನ್ನು ಕಂಡ. ಯಾಮಿನಿಯ ನಾಮಕರಣಕ್ಕೆ ಬಂದು ಹಯಗ್ರೀವ ಎರಡು ಸಲ ಹಾಕಿಸಿಕೊಂಡವನು ಅವನು. ಲ್ಯಾಪ್‌ಟಾಪ್ ಮುಚ್ಚಿ, ನಮ್ಮಿಬ್ಬರನ್ನೂ ಸಣ್ಣ ಕೋಣೆಗೆ ಕರೆದು, ಕನ್ನಡಕ ತೆಗೆದು ಒರೆಸುತ್ತ, ಇದನ್ನು ಹರಿಹರ ಬರೆಯಲಿ, ನೀನು ರಿಪೋರ್ಟು ನೋಡಿಕೊ ಎಂದ.

“ಬೇಡ ಉಮಾಶಂಕರ್. ನಾನೇ ಬರೀತೀನಿ.”

“ಹಠ ಬೇಡಮ್ಮ. ನಿನ್ ಕೈಯಲ್ಲೇ ಯಾಕೆ...”

“ಬೇರೆಯವರು ಬರೆದ್ರೆ ಸಾಯೋತನಕ ಅವರ ಮೇಲೆ ಅನುಮಾನ ಇರತ್ತೆ ನಂಗೆ. ಹರಿ ಮೇಲೂ. ನಾನೇ ಬರೆದ್ರೆ ಗೊತ್ತಿರತ್ತಲ್ಲ, ಯಾರೂ ಬೇಕಂತ ಮಾಡಿಲ್ಲ ಅಂತ.”

ಉಮಾಶಂಕರ್ ಕನ್ನಡಕ ಹಾಕಿಕೊಂಡ.

ಅವಳು ಬರೆದಳು. ಅವಳ ಕೆಲಸ ಯಾವಾಗಲೂ ಚೊಕ್ಕ. ಓಡಿಸಿದಾಗ ಒಂದು ಜೋಡಿ ಬೆಳ್ಳಗಾಯಿತು, ಇನ್ನೊಂದು, ಮತ್ತೊಂದು. ಮನೆತನ ಖಾಲಿ ಇದ್ದ ಸಾಲಿನಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ ‘ಹೊಂದಿದೆ’. ಕೊನೆಯ ಪುಟದ ಕೆಳಗೆ ಸೊನ್ನೆ. ಹಿರೋಸೆ-ಸಾನ್ ಅದನ್ನು ದೊಡ್ಡ ಪರದೆಯ ಮೇಲೆ ನೋಡಿ, ಗಾಳಿಯನ್ನು ಒಳಕ್ಕಲ್ಲ, ಹೊರಕ್ಕೆ ಬಿಟ್ಟರು. “ಕಿರೇಯ್ ದೆಸು ನೆ,” ಎಂದರು. ಎಷ್ಟು ಸುಂದರವಾಗಿದೆ, ಅಂತ. ಮಾರನೆಯ ದಿನ ಕ್ಯೋಟೋದಿಂದ ತಂದ ಮಿಠಾಯಿಯ ಪೆಟ್ಟಿಗೆ ತೆರೆದು ಎಲ್ಲರಿಗೂ ಒಂದೊಂದು ಹಂಚಿ, ಕಾತ್ಯಾಯಿನಿಗೆ ಮಾತ್ರ ಎರಡು ಕೊಟ್ಟರು. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ಬಗ್ಗಿದಳು. ಒಂದನ್ನು ನನ್ನ ಮೇಜಿನ ಮೇಲಿಟ್ಟಳು, ಇನ್ನೊಂದನ್ನು ಡ್ರಾಯರಿನಲ್ಲಿ.

ನವೆಂಬರಿನಲ್ಲಿ ಅರ್ಜಿ ಶುರುವಾದ ದಿನ ಅವಳು ಆಫೀಸಿಗೆ ತಡವಾಗಿ ಬಂದಳು. ನಗರಸಭೆಯ ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಂತಿದ್ದಳಂತೆ, ಸಾಲಿನಲ್ಲಿ ಎರಡನೆಯವಳಾಗಿ. ಆ ಸಾಲಿಗೆ ಯಾವ ಅರ್ಥವೂ ಇಲ್ಲದಂತೆ ಮಾಡಿದ ಸಾಲುಗಳು ಅವಳವೇ, ಇನ್ನೊಬ್ಬರಿಂದ ಕೇಳಿ ತಿಳಿಯಬೇಕಾದ್ದೇನೂ ಇರಲಿಲ್ಲ. ಮತ್ತೆ ಯಾಕೆ ಹೋದೆ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು, ಮೊದಲು ನಿಂತಿದ್ದವಳ ಸೊಂಟದಲ್ಲಿ ಒಂದು ಕೂಸಿತ್ತಂತೆ, ಅವಳ ಬಿದ್ದ ಕೈಗವಸನ್ನು ಇವಳು ಎತ್ತಿಕೊಟ್ಟಳಂತೆ, ಅವಳು ಅರಿಗಾತೋ, ಥ್ಯಾಂಕ್ಸ್, ಎಂದಳಂತೆ. ಆ ಕನ್ನಡಕದ ಹೆಂಗಸು ಈ ವರ್ಷವೂ ಖಾಲಿ ಚೌಕದ ಬಗ್ಗೆ ಸುಮಿಮಾಸೆನ್ ಹೇಳಿದಳಂತೆ. ಇವಳು ಪರವಾಗಿಲ್ಲ ಎಂದಳಂತೆ.

ಫೆಬ್ರವರಿಯ ಒಂದು ಭಾನುವಾರ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಮಧುಕರ ಸೆಂಡಾಯ್‌ನಿಂದ ಬಂದಿದ್ದ. ಅವಲಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದ. ಕಣ್ಣು ಕೆಂಪಗಿದ್ದವು, ಅದಕ್ಕೆ ಈರುಳ್ಳಿಯ ಸಾಕ್ಷಿ ಇತ್ತು. ಫಲಿತಾಂಶ ಹಿಂದಿನ ದಿನ ಬಂದಿತ್ತು. ಕಾತ್ಯಾಯಿನಿ ಊಟದ ಮೇಜಿನ ಮೇಲೆ ಕಳೆದ ವರ್ಷದ ಕಾಗದವನ್ನು ಎಡಕ್ಕೂ ಈ ವರ್ಷದ್ದನ್ನು ಬಲಕ್ಕೂ ಇಟ್ಟು, ಎರಡು ಕೈಯ ತೋರುಬೆರಳನ್ನು ಒಟ್ಟಿಗೆ ಕೆಳಗಿಳಿಸುತ್ತ ಸಾಲು ಸಾಲಾಗಿ ಹೋಲಿಸುತ್ತಿದ್ದಳು. ತಮಾಷೆಗಲ್ಲ. ಕೈ ಆ ಅಭ್ಯಾಸಕ್ಕೆ ಬಿದ್ದಿತ್ತು.

“ಡೇಟು ಬೇರೆ,” ಎಂದಳು. “ರೆಫರೆನ್ಸ್ ನಂಬರ್ ಬೇರೆ. ಉಳಿದಿದ್ದೆಲ್ಲ ಮ್ಯಾಚು.”

ಸಮ ಬಂದು ಹೋಯಿತೋ, ಈ ಸಲ ಅಂಕವೇ ಸಾಲದೆ ಹೋಯಿತೋ ತಿಳಿಯುವ ದಾರಿ ಇರಲಿಲ್ಲ. ಈ ವರ್ಷದ ಪಟ್ಟಿಯನ್ನು ನಮಗೆ ಯಾರೂ ತೋರಿಸುವುದಿಲ್ಲ. ಅವಳ ಸಾಲುಗಳು ಅವಳ ಬೆನ್ನಿನ ಹಿಂದೆ, ಅವಳಿಗೆ ಕಾಣದ ಕೋಣೆಯಲ್ಲಿ, ಬರೆದ ಹಾಗೇ ಓಡಿದ್ದವು. ಬಯ್ಯುವುದಕ್ಕೆ ಈ ವರ್ಷ ಕನ್ನಡಕದ ಹೆಂಗಸೂ ಇರಲಿಲ್ಲ.

ತಟ್ಟೆ ಇಡುವಾಗ ಮೈಸೂರಿನಿಂದ ವಿಡಿಯೋ ಕರೆ ಬಂತು. ವಿಜಯಾಗೆ ಫಲಿತಾಂಶ ಗೊತ್ತಿತ್ತು. ಅವಳು ಸಮಾಧಾನ ಮಾಡುವ ಹೆಂಗಸಲ್ಲ, ಮುಂದಿನ ಕೆಲಸ ಮಾಡಿ ಮುಗಿಸುವ ಹೆಂಗಸು. ಪಕ್ಕದ ರಸ್ತೆಯ ಪ್ಲೇಹೋಮಿಗೆ ಯಾಮಿನಿಯನ್ನು ಸೇರಿಸಿದ್ದಾಯಿತು, ಮಿಸ್ಸು ಒಳ್ಳೆಯವಳು, ಕಿಟಕಿಗೆ ಸರಳಿದೆ, ಮಂಗನ ಕಾಟವಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

“ಇನ್ನೊಂದು ವಿಷ್ಯ ಕಣೇ ಕಾತೀ. ಬೇಜಾರು ಮಾಡ್ಕೋಬೇಡ. ಅಲ್ಲಿ ಕಂಪ್ಯೂಟರಲ್ಲಿ ಇನಿಷಿಯಲ್ ಹಾಕ್ದೇ ಮುಂದಕ್ಕೇ ಹೋಗ್ಲಿಲ್ಲ. ಅದಕ್ಕೇ ನಮ್ಮನೇದೇ ಹಾಕ್ಸಿದೀವಿ. ಸುಮ್ನೆ, ಈ ವರ್ಷಕ್ಕೆ.”

ಮಧುಕರನ ಕೈಯಲ್ಲಿ ಸೌಟು ನಿಂತಿತು. ಕಾತ್ಯಾಯಿನಿ ಎರಡು ಕಾಗದಗಳನ್ನೂ ಮಡಿಸಿ, ಮಡಿಕೆಗಳನ್ನು ಉಗುರಿನಿಂದ ತೀಡಿ, ಒಂದರ ಮೇಲೊಂದು ಇಟ್ಟಳು.

“ಒಳ್ಳೇದೇ ಆಯ್ತು ಬಿಡಕ್ಕ,” ಎಂದಳು. “ಖಾಲಿ ಇತ್ತು.”

ಯಾಮಿನಿ ಫೋನು ಕಿತ್ತುಕೊಂಡಳು. ಹೊಸ ಬ್ಯಾಗು ಹೆಗಲಿಗಿತ್ತು. ತರಗತಿ ಜೂನಿನಲ್ಲಿ, ಆದರೂ ಬೆಳಗಿನಿಂದ ಇಳಿಸಿಲ್ಲವಂತೆ. ಫೋನಮ್ಮನಿಗೆ ಬ್ಯಾಗಿನ ಎರಡು ಜಿಪ್ಪನ್ನೂ ಎಳೆದು ತೋರಿಸಿದಳು. ಮೂರನೆಯದು ಗುಟ್ಟಿನದು, ಅಮ್ಮನಿಗೆ ಮಾತ್ರ ಎಂದು ಹೇಳಿ ವಿಜಯಾಳ ಕಡೆ ತಿರುಗಿ ತೋರಿಸಿದಳು. ಆಮೇಲೆ ನನ್ನನ್ನು ಕಂಡಳು.

“ಟ್ರೇನ್ ಮಾಮ, ಟ್ರೇನ್ ಮಾಡು.”

ನಾನು ಕಾತ್ಯಾಯಿನಿಯ ಕಡೆ ನೋಡಿದೆ. ಮಾಡು ಎಂದು ಅವಳು ಕಣ್ಣಿನಲ್ಲೇ ಹೇಳಿದಳು. ಹೆಣ್ಣು ದನಿಯಲ್ಲಿ ಶುರು ಮಾಡಿದೆ: ಮುಂದಿನ ನಿಲ್ದಾಣ ಶಿನಾಗಾವಾ, ಶಿನಾಗಾವಾ, ಇಳಿಯುವ ಬಾಗಿಲು ಎಡಗಡೆಗೆ. ಬ್ರೇಕಿನ ಕಿರುಚು, ಬಾಗಿಲು ತೆರೆಯುವ ಗಂಟೆ, ಎಲ್ಲವನ್ನೂ ಮಾಡಿದೆ. ಎಂದಿಗಿಂತ ಚೆನ್ನಾಗಿಯೇ ಬಂತು. ಬಾಗಿಲು ತೆರೆದಿಟ್ಟುಕೊಂಡು ನಾನು ನಿಂತೆ. ಯಾರಾದರೂ ಹತ್ತಲಿ ಅನ್ನುವ ಹಾಗೆ.

ಯಾಮಿನಿಗೆ ಆ ಬಿಡುವು ಹಿಡಿಸಲಿಲ್ಲ. “ಕ್ಲೋಸ್ ಮಾಡು ಮಾಮ,” ಎಂದಳು. “ಡೋರ್ ಕ್ಲೋಸ್ ಮಾಡು.”

ಗಂಡು ದನಿಗೆ ಇಳಿದು ಹೇಳಿದೆ: ಬಾಗಿಲುಗಳು ಮುಚ್ಚುತ್ತವೆ, ದಯವಿಟ್ಟು ಎಚ್ಚರ. ಅವಳು ಚಪ್ಪಾಳೆ ತಟ್ಟಿದಳು. ಪರದೆಯ ಈಚೆ ಕಾತ್ಯಾಯಿನಿಯೂ ತಟ್ಟಿದಳು, ಒಂದು ಚೂರು ತಡವಾಗಿ. ಅಷ್ಟು ದೂರದ ಕರೆಯಲ್ಲಿ ಯಾವಾಗಲೂ ಆಗುತ್ತದಲ್ಲ, ಅಷ್ಟು.